ಮೂಸಿ ನದಿಯ ಮಹಾಪೂರವೂ ವಿಶ್ವೇಶ್ವರಯ್ಯನವರೂ

ಜಲಕ್ಕೆ ಜೀವನವೆಂಬ ಪರ್ಯಾಯನಾಮವುಂಟು. ಆ ಜೀವನವೇ ಮೇರೆಯನ್ನು ಮೀರಿದಾಗ ಪ್ರಾಣಾಪಹಾರಿಯಾಗುತ್ತದೆ. ಜಲದ ಈ ಉಭಯ ಸ್ವಭಾವಗಳನ್ನೂ ಶಾಸ್ತ್ರದೃಷ್ಟಿಯಿಂದ ಅರಿತು ಪಳಗಿಸಿದ ಮಹನೀಯರಲ್ಲಿ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಅಗ್ರಗಣ್ಯರು.

ಮುದ್ದೇನಹಳ್ಳಿಯ ಸಂಸ್ಕೃತ ವಿದ್ವಾಂಸರ ಮನೆಯಲ್ಲಿ ಜನಿಸಿದ ಇವರು ಬಾಲ್ಯದಲ್ಲಿಯೇ ಪಿತೃವಿಯೋಗವನ್ನು ಅನುಭವಿಸಿದರು. ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತ ತಾವೂ ಓದಿ, ಪುಣೆಯಲ್ಲಿ ಎಂಜಿನಿಯರಿಂಗ್ ವ್ಯಾಸಂಗವನ್ನು ಮುಗಿಸಿ, 1884ರಲ್ಲಿ ಮುಂಬಯಿ ಸರಕಾರದ ಸೇವೆಗೆ ಸೇರಿದರು. ಖಡಕ್‌ವಾಸ್ಲಾ ಜಲಾಶಯಕ್ಕೆ ಇವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳು ಇವರ ಕೀರ್ತಿಯನ್ನು ಹರಡಿದವು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯು ಹೈದರಾಬಾದ್ ನಗರದ ಮೇಲೆ ಉಕ್ಕಿ ಹರಿದು ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು. ನಿಜಾಮರ ಸರಕಾರದ ಕೋರಿಕೆಯಂತೆ ವಿಶ್ವೇಶ್ವರಯ್ಯನವರು 1909ರಲ್ಲಿ ಅಲ್ಲಿಗೆ ತೆರಳಿದರು. ಇದನ್ನು ದೈವಕೋಪವೆಂದು ಬಗೆದು ಕೈಚೆಲ್ಲಲಿಲ್ಲ. ದಡಕ್ಕೆ ಗೋಡೆ ಕಟ್ಟಿದರೆ ಸಾಕೆಂದೂ ಎಣಿಸಲಿಲ್ಲ. ಮಳೆಯ ಪ್ರಮಾಣ, ನದಿಯ ಜಲಾನಯನ ಪ್ರದೇಶ, ಕೆರೆಗಳ ಸ್ಥಿತಿ, ನಗರದ ಚರಂಡಿ ಇವೆಲ್ಲವನ್ನೂ ಒಟ್ಟಿಗೆ ಪರಿಶೀಲಿಸಿದರು. ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ ಮಳೆ ಸುರಿದಿತ್ತು. ನಗರದ ಮೇಲ್ಭಾಗದ 788 ಕೆರೆಗಳಲ್ಲಿ 221 ಒಡೆದಿದ್ದವು. ಮೇಲಿನ ಕೆರೆಯ ಏರಿ ಒಡೆದರೆ ಆ ನೀರಿನ ಭಾರ ಕೆಳಗಿನ ಕೆರೆಯ ಮೇಲೆ ಬೀಳುತ್ತದೆ; ಅದರ ಕೋಡಿ ಸಾಲದೆ ಅದೂ ಒಡೆಯುತ್ತದೆ. ಹೀಗೆ ಮಳೆಯ ಪೂರಕ್ಕೆ ಕೆರೆಗಳ ಪೂರವೂ ಕೂಡಿತ್ತು.

ರೋಗದ ಮೂಲ ತಿಳಿದ ಮೇಲೆ ಚಿಕಿತ್ಸೆಯೂ ಸ್ಪಷ್ಟವಾಯಿತು. ನೆರೆಯನ್ನು ನಗರಕ್ಕಿಂತ ಮೇಲೆಯೇ ತಡೆದು, ಮೆಲ್ಲಮೆಲ್ಲನೆ ಬಿಡುವ ಜಲಾಶಯಗಳನ್ನು ಅವರು ಸೂಚಿಸಿದರು. ಈ ಯೋಜನೆಯ ಫಲವಾಗಿ ಮೂಸಿಗೆ 1920ರಲ್ಲಿ ಉಸ್ಮಾನ್ ಸಾಗರವೂ, ಉಪನದಿ ಈಸಿಗೆ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾಗಿ, ನಗರಕ್ಕೆ ರಕ್ಷಣೆಯೊಡನೆ ಕುಡಿಯುವ ನೀರೂ ದೊರೆಯಿತು.

ಅಷ್ಟರಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರರಾಗಿ, 1912ರಲ್ಲಿ ದಿವಾನರಾಗಿ ಕನ್ನಂಬಾಡಿ ಮೊದಲಾದ ಮಹಾಕಾರ್ಯಗಳಲ್ಲಿ ತೊಡಗಿದ್ದರು. 1955ರಲ್ಲಿ ಭಾರತರತ್ನ ಪ್ರಶಸ್ತಿಗೆ ಪಾತ್ರರಾಗಿ, 1962ರಲ್ಲಿ ಕೀರ್ತಿಶೇಷರಾದರು.

2020ರ ಅಕ್ಟೋಬರಿನಲ್ಲಿ ಅದೇ ನಗರದ ಮೇಲೆ ಧಾರಾಕಾರ ಮಳೆ ಸುರಿದು, ಕೆಲವು ಕೆರೆಗಳ ಏರಿಗಳು ಒಡೆದು ಬಡಾವಣೆಗಳು ಜಲಾವೃತವಾದವು. ಜಲಾಶಯ ಎಷ್ಟು ದೊಡ್ಡದಿದ್ದರೂ ಊರೊಳಗಿನ ಕೆರೆ ಕಾಲುವೆಗಳನ್ನು ಕಡೆಗಣಿಸಿದರೆ ಅಪಾಯ ತಪ್ಪದು. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಕೆರೆಯ ಏರಿ, ತೂಬು, ಕೋಡಿಗಳನ್ನು ಕಣ್ಣಾರೆ ಕಂಡು ಅರಿಯುವುದೇ ಆ ಮಹಾಪುರುಷರಿಗೆ ಸಲ್ಲಿಸುವ ನಿಜವಾದ ಗೌರವ.