ಮೂಕಿ ಯುಗದಲ್ಲಿ ಗುಬ್ಬಿ ವೀರಣ್ಣ

ಕನ್ನಡ ವೃತ್ತಿ ರಂಗಭೂಮಿಯ ಇತಿಹಾಸದಲ್ಲಿ ಗುಬ್ಬಿ ವೀರಣ್ಣನವರದು ಅಚ್ಚಳಿಯದ ಹೆಸರು. ಮಾತು ಮತ್ತು ಹಾಡುಗಳಿಂದಲೇ ನಾಡನ್ನು ರಂಜಿಸಿದ ಈ ಕಲಾವಿದ, ಮಾತೇ ಇಲ್ಲದ ಚಲನಚಿತ್ರಕ್ಕೂ ಕೈಹಾಕಿದ್ದರೆಂಬುದು ಇಂದಿನ ತಲೆಮಾರಿನ ಅನೇಕರಿಗೆ ತಿಳಿಯದು.

ತುಮಕೂರು ಜಿಲ್ಲೆಯ ಗುಬ್ಬಿಯ ಈ ಪ್ರತಿಭೆ ಜನಿಸಿದ್ದು 1891ರಲ್ಲಿ. 1884ರಲ್ಲಿ ಸ್ಥಾಪನೆಯಾಗಿದ್ದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘಕ್ಕೆ ಬಾಲ್ಯದಲ್ಲಿಯೇ ಸೇರಿದ ವೀರಣ್ಣ, ಮುಂದೆ ಅದರ ಒಡೆಯರಾದರು. ಹಾಸ್ಯಪಾತ್ರಗಳಲ್ಲಿ ಅವರಿಗೆ ಸರಿಸಾಟಿಯಿರಲಿಲ್ಲ. 'ಸದಾರಮೆ'ಯ ಕಳ್ಳನ ಪಾತ್ರ ಮನೆಮಾತಾಯಿತು.

ಕುಮಾರವ್ಯಾಸನ ಭಾರತವನ್ನು ಗಮಕಿಗಳ ಕಂಠದಲ್ಲಿ ಕೇಳಿ ಬೆಳೆದ ಜನರಿಗೆ ದೇವತೆಗಳು, ಮಾಯೆ, ಪವಾಡಗಳು ಅಪರಿಚಿತವಲ್ಲ. ಕೇಳಿದ್ದನ್ನು ಕಣ್ಣಾರೆ ಕಾಣುವ ಹಂಬಲ ಮಾತ್ರ ತಣಿದಿರಲಿಲ್ಲ. ಆ ಹಂಬಲವನ್ನು ದಾದಾಸಾಹೇಬ್ ಫಾಲ್ಕೆ 1913ರ 'ರಾಜಾ ಹರಿಶ್ಚಂದ್ರ' ಮೂಕಿ ಚಿತ್ರದಿಂದ ತಣಿಸಲೆತ್ನಿಸಿದರು. ರಾಘವಾಂಕನ ಕಾವ್ಯದ ಮೂಲಕ ಕನ್ನಡಿಗರು ಶತಮಾನಗಳಿಂದ ಬಲ್ಲ ಕಥೆಯದು.

ವೀರಣ್ಣನವರೂ ಈ ಹೊಸ ಮಾಧ್ಯಮದ ಶಕ್ತಿಯನ್ನು ಗುರುತಿಸಿ, ಬೆಂಗಳೂರಿನಲ್ಲಿ ಚಿತ್ರ ನಿರ್ಮಾಣಕ್ಕೆ ತೊಡಗಿದರು. 1931ರಲ್ಲಿ ಬೆಲ್ಜಿಯಂನ ರಾಫೆಲ್ ಆಲ್ಗೋಟ್ ನಿರ್ದೇಶನದ 'ಹಿಸ್ ಲವ್ ಅಫೇರ್' ಸಿದ್ಧವಾಯಿತು. ವೀರಣ್ಣ ಮತ್ತು ಬಿ. ಜಯಮ್ಮ ಅದರಲ್ಲಿ ಅಭಿನಯಿಸಿದರು. 1932ರಲ್ಲಿ ವೈ.ವಿ. ರಾವ್ ನಿರ್ದೇಶನದಲ್ಲಿ 'ಹರಿಮಾಯಾ' ಬಂದಿತು.

ಆದರೆ ಕಾಲ ಅನುಕೂಲಕರವಾಗಿರಲಿಲ್ಲ. 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ 'ಆಲಂ ಆರಾ' ತೆರೆಕಂಡು ಭಾರತೀಯ ಚಿತ್ರಕ್ಕೆ ನಾಲಿಗೆ ಮೂಡಿತ್ತು. ಮೂಕಿಯ ಬಾಗಿಲು ಮುಚ್ಚುತ್ತಿದ್ದ ಹೊತ್ತಿನಲ್ಲಿ ವೀರಣ್ಣ ಒಳಹೊಕ್ಕಿದ್ದರು. ಅದಕ್ಕಿಂತ ಮಿಗಿಲಾದ ತೊಡಕು ಮತ್ತೊಂದಿತ್ತು. ಹಾಡು ಮತ್ತು ಚಟಾಕಿಗಳೇ ಬಂಡವಾಳವಾಗಿದ್ದ ನಟನಿಗೆ ಮೂಕಿ ತೆರೆಯಲ್ಲಿ ಉಳಿದದ್ದು ಮುಖಭಾವ ಮತ್ತು ಅಂಗಾಭಿನಯ ಮಾತ್ರ.

ವೀರಣ್ಣ ಎದೆಗುಂದಲಿಲ್ಲ. 1934ರಲ್ಲಿ 'ಕುರುಕ್ಷೇತ್ರ' ನಾಟಕಕ್ಕೆ ಜೀವಂತ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದರು. ಕ್ಯಾಮರಾದ ನೆರವಿಲ್ಲದೆಯೇ ಪುರಾಣಲೋಕ ಪ್ರೇಕ್ಷಕನ ಕಣ್ಣೆದುರು ನಿಂತಿತು. 1935ರಲ್ಲಿ 'ಸದಾರಮೆ' ವಾಕ್ಚಿತ್ರವಾಗಿ ಬಂದಾಗ ಅವರ ದನಿಯೂ ತೆರೆಗೆ ದಕ್ಕಿತು. 1954ರಲ್ಲಿ ಅವರ ಸಂಸ್ಥೆಯ ಸಹಭಾಗಿತ್ವದ 'ಬೇಡರ ಕಣ್ಣಪ್ಪ' ಚಿತ್ರದ ಮೂಲಕ ರಾಜಕುಮಾರ್ ನಾಯಕನಟರಾದರು.

ಪ್ರತಿಭೆಯನ್ನು ಗುರುತಿಸಿ ಪೋಷಿಸುವುದು ಅವರ ಸ್ವಭಾವವಾಗಿತ್ತು. ಕಂಪನಿಯಲ್ಲಿದ್ದ ಬಿ.ವಿ. ಕಾರಂತರನ್ನು ಉನ್ನತ ವ್ಯಾಸಂಗಕ್ಕಾಗಿ ಬನಾರಸಿಗೆ ಕಳುಹಿಸಿದವರೂ ಅವರೇ. 1972ರಲ್ಲಿ ಪದ್ಮಶ್ರೀ ಗೌರವ ಸಂದಿತು. ಅದೇ ವರ್ಷ ವೀರಣ್ಣ ನಿಧನರಾದರು.

ಭಾರತದಲ್ಲಿ ತಯಾರಾದ ಸುಮಾರು 1,300 ಮೂಕಿ ಚಿತ್ರಗಳಲ್ಲಿ ಬಹುಪಾಲು ನಶಿಸಿಹೋಗಿವೆ. ತುಮಕೂರಿನ ಕಲಾಕ್ಷೇತ್ರ ಮತ್ತು ರಾಜ್ಯ ಸರ್ಕಾರದ ರಂಗಪ್ರಶಸ್ತಿ ಇಂದು ವೀರಣ್ಣನವರ ಹೆಸರು ಹೊತ್ತಿವೆ. ಆದರೆ ನಾಡನ್ನು ನಗಿಸಿದ ಆ ನಟನ ಯೌವನದ ಮುಖವನ್ನು ಹಿಡಿದಿಟ್ಟಿದ್ದ ಫಿಲ್ಮಿನ ಸುರುಳಿಗಳನ್ನು ಕಾಪಿಡುವ ಎಚ್ಚರ ಆ ಕಾಲಕ್ಕಿರಲಿಲ್ಲ.