ಡೀಟ್ರಿಕ್ ಬಾನ್‌ಹೋಫರ್

ದೇವರು ಪ್ರೀತಿಸ್ವರೂಪನು, ಸರ್ವಶಕ್ತನು ಎಂದು ಕ್ರೈಸ್ತಧರ್ಮ ಸಾರುತ್ತದೆ. ಹಾಗಾದರೆ ಲೋಕದಲ್ಲಿ ಇಷ್ಟೊಂದು ಕೇಡು ಏಕೆ? ಪ್ರೀತಿಯಿದ್ದರೆ ಅದನ್ನು ತಡೆಯುವ ಮನಸ್ಸಾಗಬೇಕು, ಶಕ್ತಿಯಿದ್ದರೆ ತಡೆಯಲು ಸಾಧ್ಯವಾಗಬೇಕು. ಬೈಬಲ್ಲಿನ ಯೋಬನ ಕಾಲದಿಂದಲೂ ಇರುವ ಪ್ರಶ್ನೆ ಇದು. ಇದಕ್ಕೆ ಉತ್ತರವಾಗಿ ಪಂಡಿತರು ಗ್ರಂಥಗಳನ್ನು ಬರೆದಿದ್ದಾರೆ. ತಮ್ಮ ಬಾಳನ್ನೇ ಉತ್ತರವಾಗಿ ಕೊಟ್ಟ ಒಬ್ಬ ಮಹನೀಯರ ಕಥೆಯನ್ನು ನಾವಿಲ್ಲಿ ಹೇಳಬಯಸುತ್ತೇವೆ.

ಡೀಟ್ರಿಕ್ ಬಾನ್‌ಹೋಫರ್ ಅವರು 1906ರ ಫೆಬ್ರವರಿ 4ರಂದು ಆಗ ಜರ್ಮನಿಗೆ ಸೇರಿದ್ದ ಬ್ರೆಸ್ಲಾವ್ ನಗರದಲ್ಲಿ ಜನಿಸಿದರು. ತಂದೆ ಹೆಸರಾಂತ ಮನೋವೈದ್ಯರು. ಎಂಟು ಮಕ್ಕಳ ತುಂಬಿದ ಸಂಸಾರ. 1918ರಲ್ಲಿ, ಬಾಲಕ ಡೀಟ್ರಿಕ್‌ಗೆ ಹನ್ನೆರಡು ವರ್ಷವಾಗಿದ್ದಾಗ, ಅಣ್ಣ ವಾಲ್ಟರ್ ಯುದ್ಧದಲ್ಲಿ ಮಡಿದನು. ತಾಯಿಯ ದುಃಖಕ್ಕೆ ಪಾರವಿರಲಿಲ್ಲ. ಸಾವು ಎಂಬುದು ಆ ಮನೆಗೆ ಪುಸ್ತಕದ ಮಾತಾಗಿ ಉಳಿಯಲಿಲ್ಲ.

ಡೀಟ್ರಿಕ್ ದೇವಶಾಸ್ತ್ರವನ್ನು ಅಭ್ಯಾಸ ಮಾಡಿ, 21ನೆಯ ವಯಸ್ಸಿನಲ್ಲೇ ಡಾಕ್ಟರೇಟ್ ಪದವಿ ಪಡೆದರು. ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಸುಖವಾಗಿ ಬಾಳಬಹುದಾಗಿತ್ತು. ಆದರೆ 1933ರ ಜನವರಿ 30ರಂದು ಹಿಟ್ಲರ್ ಅಧಿಕಾರಕ್ಕೆ ಬಂದನು. ಯೆಹೂದ್ಯರ ಮೇಲೆ ಹಿಂಸೆ ಆರಂಭವಾಯಿತು. ಚರ್ಚಿನ ಅನೇಕರು ಅವನಿಗೆ ಜಯಕಾರ ಹಾಕಿದರು; ಯೆಹೂದಿ ಮೂಲದ ಬೋಧಕರನ್ನು ಹೊರಹಾಕಲೂ ಸಿದ್ಧರಾದರು. ಬಾನ್‌ಹೋಫರ್ ಇದನ್ನು ನಿರ್ಭಯವಾಗಿ ವಿರೋಧಿಸಿದರು. ಗಾಯಗೊಂಡವರಿಗೆ ಆರೈಕೆ ಮಾಡಿದರಷ್ಟೇ ಸಾಲದು, ಗಾಯ ಮಾಡುವ ಅಧಿಕಾರವನ್ನೇ ತಡೆಯಬೇಕಾದ ಸಮಯವೂ ಬರಬಹುದೆಂದು ಆ ವರ್ಷವೇ ಬರೆದರು.

ಅಹಿಂಸೆಯ ಮಾರ್ಗವನ್ನು ಕಲಿಯಲು ನಮ್ಮ ದೇಶಕ್ಕೆ ಬರಬೇಕೆಂಬ ಹಂಬಲ ಅವರಿಗಿತ್ತು. 1934ರಲ್ಲಿ ಗಾಂಧೀಜಿಯವರು ಪತ್ರ ಬರೆದು ಸ್ವಾಗತಿಸಿದ್ದರು. ಆದರೆ ಹಿಟ್ಲರನಿಗೆ ತಲೆಬಾಗದ ಕ್ರೈಸ್ತರು ಬೋಧಕರ ತರಬೇತಿಗಾಗಿ ಅವರನ್ನು ಕರೆದುದರಿಂದ ಆ ಪ್ರಯಾಣ ಕೈಗೂಡಲಿಲ್ಲ. ಫಿಂಕೆನ್‌ವಾಲ್ಡೆ ಎಂಬಲ್ಲಿ ಅವರು 1935ರಿಂದ ನಡೆಸಿದ ಆ ಶಾಲೆಯನ್ನು 1937ರಲ್ಲಿ ಗುಪ್ತ ಪೊಲೀಸರು ಮುಚ್ಚಿಸಿದರು.

1939ರ ಜೂನ್‌ನಲ್ಲಿ ಮಿತ್ರರು ಅವರನ್ನು ಅಮೆರಿಕೆಗೆ ಕರೆಸಿಕೊಂಡು ಕಾಪಾಡಲು ಯತ್ನಿಸಿದರು. ಅಲ್ಲಿ ಅವರಿಗೆ ನೆಮ್ಮದಿಯಿರಲಿಲ್ಲ. ತಮ್ಮ ಜನರ ಸಂಕಟದಲ್ಲಿ ಪಾಲು ತೆಗೆದುಕೊಳ್ಳದವನಿಗೆ ಯುದ್ಧಾನಂತರ ಅವರ ನಡುವೆ ಮಾತಾಡುವ ಹಕ್ಕಿಲ್ಲವೆಂದು ಬಗೆದು, ಒಂದು ತಿಂಗಳೊಳಗೆ ಮರಳಿ ಹೊರಟರು. ಅನಂತರ ಭಾವ ಹಾನ್ಸ್ ಫಾನ್ ಡೊನಾನಿಯವರೊಡನೆ ಹಿಟ್ಲರನನ್ನು ಕೊನೆಗಾಣಿಸುವ ಗುಪ್ತ ಸಂಚಿನಲ್ಲಿ ಸೇರಿದರು. ಕೊಲೆಯನ್ನು ಅವರು ಪುಣ್ಯವೆನ್ನಲಿಲ್ಲ. ಅದು ಪಾಪವೇ, ಆದರೆ ಕೈ ಕೊಳೆಯಾಗುವುದೆಂದು ಸುಮ್ಮನಿರುವುದೂ ಪಾಪವೆಂದು ತಿಳಿದು, ದೇವರ ಕ್ಷಮೆಯನ್ನೇ ನಂಬಿ ಆ ಹೊರೆಯನ್ನು ಹೊತ್ತರು.

1943ರ ಏಪ್ರಿಲ್ 5ರಂದು ಅವರ ಬಂಧನವಾಯಿತು. ಮದುವೆ ನಿಶ್ಚಯವಾಗಿ ಆಗ ಕೆಲವೇ ತಿಂಗಳಾಗಿತ್ತು. ಬರ್ಲಿನ್ನಿನ ಟೇಗೆಲ್ ಸೆರೆಮನೆಯ ಚಿಕ್ಕ ಕೋಣೆಯಿಂದ ಗೆಳೆಯ ಎಬರ್‌ಹಾರ್ಡ್ ಬೆತ್ಗೆಯವರಿಗೆ ಪತ್ರ ಬರೆಯುತ್ತಿದ್ದರು. 1944ರ ಜುಲೈ ತಿಂಗಳ ಪತ್ರಗಳಲ್ಲಿ ನಾವು ಮೊದಲು ಕೇಳಿದ ಪ್ರಶ್ನೆಗೆ ಅವರ ಉತ್ತರವಿದೆ. ಕಷ್ಟ ಬಂದಾಗ ಮೇಲಿನಿಂದ ಇಳಿದು ಎಲ್ಲವನ್ನೂ ಸರಿಪಡಿಸುವ ಚಕ್ರವರ್ತಿಯಂತೆ ನಾವು ದೇವರನ್ನು ಭಾವಿಸುತ್ತೇವೆ. ಆದರೆ ಶಿಲುಬೆಯ ಮೇಲೆ ಕಾಣುವ ದೇವರು ಬಲಹೀನನು, ನೋಯುವವನು. ಅವನ ಪ್ರೀತಿ ದಂಡಶಕ್ತಿಯಿಂದ ಗೆಲ್ಲುವುದಿಲ್ಲ. ನೋಯುವವರೊಡನೆ ತಾನೂ ನೋಯುವುದೇ ಅದರ ಶಕ್ತಿ. ಆ ನೋವಿನಲ್ಲಿ ದೇವರ ಜೊತೆ ನಿಲ್ಲುವುದೇ ಭಕ್ತನ ಕೆಲಸವೆಂದು ಅವರು ಕಂಡುಕೊಂಡರು.

ಇದು ಬರಿಯ ಮಾತಾಗಿರಲಿಲ್ಲ. ಕಾವಲುಗಾರನೊಬ್ಬನ ನೆರವಿನಿಂದ ತಪ್ಪಿಸಿಕೊಳ್ಳುವ ಅವಕಾಶ ಅವರಿಗೆ ಒದಗಿತ್ತು. ಅಷ್ಟರಲ್ಲಿ ಅಣ್ಣ ಕ್ಲಾಸ್ ಬಂಧಿತರಾದರು. ತಾವು ಓಡಿಹೋದರೆ ಮನೆಯವರಿಗೆ ಕೇಡಾಗುವುದೆಂದು ಅವರು ಸೆರೆಯಲ್ಲೇ ಉಳಿದರು. 1945ರ ಏಪ್ರಿಲ್ 9ರ ಬೆಳಗ್ಗೆ ಫ್ಲಾಸೆನ್‌ಬುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ವಯಸ್ಸು 39. ಎರಡು ವಾರಗಳಲ್ಲಿ ಅಮೆರಿಕದ ಸೈನ್ಯ ಆ ಶಿಬಿರವನ್ನು ಬಿಡುಗಡೆ ಮಾಡಿತು. ಅಣ್ಣ ಕ್ಲಾಸ್, ಡೊನಾನಿ ಮತ್ತು ಇನ್ನೊಬ್ಬ ಭಾವ ಸಹ ಅದೇ ತಿಂಗಳಲ್ಲಿ ಹತರಾದರು. ಡೀಟ್ರಿಕ್‌ರ ಮರಣವನ್ನು ವೃದ್ಧ ತಂದೆತಾಯಿಗಳು ಜುಲೈ ತಿಂಗಳಲ್ಲಿ ಲಂಡನ್ ರೇಡಿಯೊ ಬಿತ್ತರಿಸಿದ ಸ್ಮರಣೆಯ ಪ್ರಾರ್ಥನೆಯಿಂದ ತಿಳಿದರು. ಬೆತ್ಗೆಯವರು ಜೋಪಾನ ಮಾಡಿದ ಪತ್ರಗಳು 1951ರಲ್ಲಿ ಪುಸ್ತಕವಾದವು.

ಕೇಡು ಏಕೆ ಇದೆ ಎಂಬ ಒಗಟು ಇದರಿಂದ ಬಿಡಿಸಿಹೋಯಿತೆಂದು ನಾವು ಹೇಳಲಾರೆವು. ಆ ತಾಯಿಗೆ ಯಾವ ಉತ್ತರ ತಾನೆ ಸಾಕಾದೀತು? ಆದರೆ ದೇವರು ಎಲ್ಲಿದ್ದಾನೆ ಎಂದು ಕೇಳುವವನು ತಾನು ಎಲ್ಲಿ ನಿಂತಿದ್ದೇನೆ ಎಂದೂ ಕೇಳಿಕೊಳ್ಳಬೇಕೆಂಬುದನ್ನು ಈ ಬಾಳು ತೋರಿಸುತ್ತದೆ. ನಮ್ಮ ತರಗತಿಯಲ್ಲೇ ನಾಲ್ವರು ಸೇರಿ ದುರ್ಬಲನೊಬ್ಬನನ್ನು ಪೀಡಿಸುವಾಗ ನಾವು ಯಾರ ಪಕ್ಕದಲ್ಲಿ ನಿಲ್ಲುತ್ತೇವೆ? ವಿದ್ಯಾರ್ಥಿಗಳಾದ ನಾವು ಅಲ್ಲಿಂದಲೇ ಆರಂಭಿಸಬಹುದು.