ಲೀಸ್ ಮೈಟ್ನರ್ ‘ಅಣುಬಾಂಬಿನ ತಾಯಿ’ಯೇ?

ಹಾಗೆಂದು ಹೇಳುವ ಬರಹಗಳನ್ನು ನೀವೂ ಓದಿರಬಹುದು. ನಾವು ಪರಿಶೀಲಿಸಿದೆವು. ಅದು ನಿಜವಲ್ಲ.

1878ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಮೈಟ್ನರ್ ಭೌತವಿಜ್ಞಾನಿ, ಯಹೂದಿ ಮೂಲದವರು. ನಾಜಿಗಳಿಂದ ತಪ್ಪಿಸಿಕೊಂಡು 1938ರಲ್ಲಿ ಬರ್ಲಿನ್ ಬಿಟ್ಟು ಸ್ವೀಡನ್ ಸೇರಿದರು. ಅದೇ ವರ್ಷ ಬರ್ಲಿನ್ನಿನಲ್ಲಿ ಅವರ ಹಳೆಯ ಸಹೋದ್ಯೋಗಿ ಒಟ್ಟೋ ಹಾನ್ ಯುರೇನಿಯಂಗೆ ನ್ಯೂಟ್ರಾನ್ ಹಾಯಿಸಿದಾಗ ಬೇರಿಯಂ ಸಿಕ್ಕಿತು. ಇದು ಹೇಗೆ ಸಾಧ್ಯ?

ಮೈಟ್ನರ್ ಮತ್ತು ಅವರ ಅಕ್ಕನ ಮಗ ಒಟ್ಟೋ ಫ್ರಿಶ್ ಲೆಕ್ಕ ಹಾಕಿ ವಿವರಿಸಿದರು: ಭಾರವಾದ ನ್ಯೂಕ್ಲಿಯಸ್ ನೀರಿನ ಹನಿಯಂತೆ. ನ್ಯೂಟ್ರಾನ್ ಒಳಹೊಕ್ಕರೆ ಕಣಗಳೆಲ್ಲ ಒಟ್ಟಾಗಿ ಅಲುಗಾಡಿ, ಹನಿ ಉದ್ದಕ್ಕೆ ಎಳೆದು, ನಡು ಸಣ್ಣಗಾಗಿ ಎರಡು ಹೋಳಾಗುತ್ತದೆ.

1944ರ ರಸಾಯನಶಾಸ್ತ್ರ ನೊಬೆಲ್ ಹಾನ್ ಒಬ್ಬರಿಗೇ ಸಂದಿತು. ಬಾಂಬ್ ಯೋಜನೆಗೆ ಕರೆದಾಗ ಮೈಟ್ನರ್ ಒಪ್ಪಲಿಲ್ಲ. 1968ರಲ್ಲಿ ತೀರಿಕೊಂಡರು. 109ನೇ ಧಾತುವಿಗೆ ಅವರದೇ ಹೆಸರು: ಮೈಟ್ನೇರಿಯಂ.

ಮುಂದಿನ ಸಲ ಆ ಮೆಸೇಜ್ ಬಂದರೆ, ಇದನ್ನು ಕಳಿಸಿ.